ಹಲ್ಲಿಗೆ ಮೊದಲ ಪಂಕ್ತಿ

ವರ್ಷದ ಕೊನೆಯ ರಜೆಗೆ ನಮ್ಮ ಮನೆಯಲ್ಲಿ ಎಲ್ಲರೂ ಸೇರಿ ಒಂದು ಮಧ್ಯಾಹ್ನದ ಊಟ ಮಾಡುತ್ತೇವೆ. ಎಲ್ಲರೂ ಎಂದರೆ ದೊಡ್ಡ ದಂಡೇನಲ್ಲ: ಅಪ್ಪ, ನಾನು, ಪಕ್ಕದ ಬೀದಿಯಲ್ಲಿರುವ ಅಣ್ಣ, ಅತ್ತಿಗೆ, ಅವರ ಮಗಳು ಚಿನಕುರುಳಿ. ಅವಳಿಗೆ ಶಾಲೆಯಲ್ಲಿ ಬೇರೆ ಹೆಸರಿದೆ. ಆದರೆ ಮಾತು ಕಲಿತ ದಿನದಿಂದ ಪಟಪಟ ಸಿಡಿಯುವುದನ್ನು ನಿಲ್ಲಿಸಿಲ್ಲವಾದ್ದರಿಂದ ಮನೆಯಲ್ಲಿ ಈ ಹೆಸರೇ ಗಟ್ಟಿಯಾಗಿದೆ. ಊಟಕ್ಕೆ ಪ್ರತಿ ವರ್ಷ ಒಂದೊಂದು ವೇಷ. ಹೋದ ವರ್ಷ ಸಮುದ್ರ ಅಂದುಕೊಂಡು ಸೌತೆಕಾಯಿಯಲ್ಲಿ ದೋಣಿ ಕೆತ್ತಿದ್ದೆವು. ಈ ವರ್ಷ ಆರಿಸುವ ಸರದಿ ಚಿನಕುರುಳಿಯದು. ಅವಳು ಕಣ್ಣು ಮಿಟುಕಿಸದೆ ದೆವ್ವ ಅಂದಳು.

ಅತ್ತಿಗೆಯದು ಒಂದೇ ಷರತ್ತು, ಸಿಹಿ ಮೇಜಿನ ಹತ್ತಿರ ಸುಳಿಯಬಾರದು. ಅವರು ಕೇಕ್ ಅಂಗಡಿಯಲ್ಲಿ ಕ್ರೀಮಿನ ಹೂವು ಬಿಡಿಸುವವರು. "ವರ್ಷವಿಡೀ ಸಕ್ಕರೆ ಮುಖ ನೋಡಿ ಸಾಕಾಗಿದೆ. ದೆವ್ವ ಆದ್ರೂ ಪರವಾಗಿಲ್ಲ, ಉಪ್ಪು ಖಾರದ್ದಾಗಿರ್ಲಿ," ಅಂದರು. ನನಗೂ ಅದೇ ಬೇಕಿತ್ತು. ನಾನು ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರುಗಳು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ನಾವು ಮೇಣದಲ್ಲಿ ಹಲ್ಲು ಕೂರಿಸಿ, ಅಚ್ಚು ಹಾಕಿ, ಉಜ್ಜಿ, ಹೊಳಪು ಕೊಟ್ಟು ಹಲ್ಲಿನ ಸೆಟ್ ಮಾಡಿ ಕಳಿಸುತ್ತೇವೆ. ಸಕ್ಕರೆಯಿಂದಲೇ ನಮ್ಮ ಹೊಟ್ಟೆ ತುಂಬುವುದು ನಿಜ. ಹಾಗಂತ ರಜೆಯ ದಿನವೂ ಅದರ ಮುಖ ನೋಡಬೇಕೆಂದೇನೂ ಇಲ್ಲ.

ಇನ್ನು ಅಪ್ಪ. ಅವರು ರೈಲು ನಿಲ್ದಾಣದಲ್ಲಿ ಗಾಡಿಗಳ ಘೋಷಣೆ ಮಾಡುತ್ತಿದ್ದರು. ಒಂದು ಸಣ್ಣ ಕೋಣೆ, ಒಂದು ಮೈಕು, ಒಂದು ಲೋಟ ಬಿಸಿನೀರು, ಇಷ್ಟರಲ್ಲೇ ಅವರ ನೌಕರಿ ಮುಗಿಯಿತು. ಊರಿನಲ್ಲಿ ಅವರ ಮುಖ ಯಾರಿಗೂ ಗೊತ್ತಿರಲಿಲ್ಲ, ದನಿ ಮಾತ್ರ ಎಲ್ಲರಿಗೂ ಗೊತ್ತಿತ್ತು. ತರಕಾರಿ ಕೊಳ್ಳಲು ಹೋಗಿ ಅರ್ಧ ಕೆಜಿ ಬೀನ್ಸ್ ಅಂದರೆ ಅಕ್ಕಪಕ್ಕದವರು ತಮ್ಮ ಗಂಟುಮೂಟೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ನಿವೃತ್ತಿಯಾದ ಮೇಲೆ ಆ ಘೋಷಣೆ ನಮ್ಮ ರಜೆಯ ಊಟಕ್ಕೆ ಬಂದು ಸೇರಿತು. ಅಡುಗೆಮನೆಯಿಂದ ಒಂದೊಂದು ಪಾತ್ರೆ ಹೊರಟಾಗಲೂ ಅಪ್ಪ ಮೇಜಿನ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, "ಪ್ರಯಾಣಿಕರ ಗಮನಕ್ಕೆ," ಅಂತ ಶುರು ಮಾಡುತ್ತಿದ್ದರು. ಅನ್ನ ತಳ ಹತ್ತಿದರೆ, "ತಾಂತ್ರಿಕ ಕಾರಣಗಳಿಂದ ತಡವಾಗಿ ಬರಲಿದೆ, ಪ್ರಯಾಣಿಕರಿಗೆ ಆದ ತೊಂದರೆಗೆ ವಿಷಾದಿಸುತ್ತೇವೆ." ಅಮ್ಮ ಇದ್ದಾಗ ಸೌಟು ತೋರಿಸಿ ಬಾಯಿ ಮುಚ್ಚಿಸುತ್ತಿದ್ದಳು. ಅಮ್ಮ ಹೋದ ಮೇಲೆ ಮುಚ್ಚಿಸುವವರಿಲ್ಲ, ನಮಗೆ ಮುಚ್ಚಿಸುವುದು ಬೇಕಾಗಿಯೂ ಇರಲಿಲ್ಲ.

ಆರು ತಿಂಗಳ ಹಿಂದೆ ಅಪ್ಪನ ಉಳಿದ ಹಲ್ಲುಗಳನ್ನೂ ತೆಗೆಯಬೇಕಾಯಿತು. ಬಾಯಿ ಬೊಚ್ಚಾಯಿತು. ದನಿ ಹಾಗೇ ಇತ್ತು, ಆದರೆ ಅಕ್ಷರಗಳು ಗಾಳಿಯಲ್ಲಿ ಸೋರಿ ಹೋಗುತ್ತಿದ್ದವು. 'ಸ' ಅನ್ನಲು ಹೋದರೆ ಸೀಟಿ, 'ತ' ಅನ್ನಲು ಹೋದರೆ ಬರೀ ಉಸಿರು. ಮೊದಲ ವಾರ ಪೇಪರಿನವನು "ಏನಂದ್ರಿ ಸಾರ್?" ಅಂತ ಮತ್ತೆ ಮತ್ತೆ ಕೇಳಿದ್ದೇ ಕೊನೆ, ಅಪ್ಪ ಹೊರಗಿನವರ ಹತ್ತಿರ ಮಾತು ಬಿಟ್ಟರು. ಆಮೇಲೆ ನಮ್ಮ ಹತ್ತಿರವೂ ಕಡಿಮೆ ಮಾಡಿದರು. ಊಟದ ತಟ್ಟೆಯನ್ನು ತಮ್ಮ ಕೋಣೆಗೇ ತರಿಸಿಕೊಳ್ಳತೊಡಗಿದರು.

ಹಲ್ಲಿಲ್ಲದ ಇಡೀ ಊರಿಗೇ ಹಲ್ಲು ಮಾಡಿ ಹಾಕಬಲ್ಲ ಮಗಳು ಮನೆಯಲ್ಲೇ ಇದ್ದಾಳಲ್ಲ! ಅವರ ಸೆಟ್ಟನ್ನು ನಾನೇ ಮಾಡಿದೆ. ಬೇರೆ ಯಾರ ಕೈಗೂ ಕೊಡಲಿಲ್ಲ, ಭಾನುವಾರಗಳನ್ನೂ ಅದಕ್ಕೇ ಕೊಟ್ಟೆ. ಹಳೆಯ ಫೋಟೋ ಮುಂದಿಟ್ಟುಕೊಂಡು ಎದುರಿನ ಒಂದು ಹಲ್ಲನ್ನು ಮೊದಲಿನ ಹಾಗೇ ಸ್ವಲ್ಪ ಓರೆಯಾಗಿ ಕೂರಿಸಿದೆ. ಕೊಟ್ಟ ದಿನ ಅಪ್ಪ ಕನ್ನಡಿಯಲ್ಲಿ ತುಂಬಾ ಹೊತ್ತು ನೋಡಿಕೊಂಡರು. ಕೆಲವು ವಾರ ತಮ್ಮ ಕೋಣೆಯೊಳಗಷ್ಟೇ ಹಾಕಿಕೊಂಡು ನೋಡಿದರು. ಆಮೇಲೆ ಸೆಟ್ಟು ನೀರಿನ ಬಟ್ಟಲಿಗೆ ಸೇರಿತು, ಹೊರಗೆ ಬರಲಿಲ್ಲ.

"ಯಾಕೆ ಹಾಕ್ಕೊಳ್ತಿಲ್ಲ? ಎಲ್ಲಾದ್ರೂ ನೋಯುತ್ತಾ?" ಅಂತ ಕೇಳಿದೆ.

"ಇಲ್ಲಮ್ಮ. ಚೆನ್ನಾಗಿದೆ. ಅದಕ್ಕೇ ಎತ್ತಿಟ್ಟಿದೀನಿ."

ಇದು ಅವರ ಹಳೆಯ ಚಾಳಿ. ಹೊಸ ಶರ್ಟು ಕೊಟ್ಟರೆ ಬೀರುವಿನಲ್ಲೇ ಮುದಿಯಾಗುತ್ತದೆ. ಅಣ್ಣ ಕೊಡಿಸಿದ ಚಪ್ಪಲಿ ಇನ್ನೂ ಡಬ್ಬದಲ್ಲೇ ಇದೆ. ಆದರೆ ಹಲ್ಲನ್ನೂ ಯಾರಾದರೂ ಒಳ್ಳೆಯ ದಿನಕ್ಕೆಂದು ಎತ್ತಿಡುತ್ತಾರೆಯೇ? ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಕೇಳಿದಾಗಲೆಲ್ಲ "ಚೆನ್ನಾಗಿದೆ" ಅನ್ನುತ್ತಾರೆ, ಹಾಕಿಕೊಳ್ಳುವುದಿಲ್ಲ. ಊರಿನವರ ಬಾಯಿಗೆಲ್ಲ ನನ್ನ ಕೆಲಸ ಒಗ್ಗುತ್ತದೆ, ಹೆತ್ತಪ್ಪನ ಬಾಯಿಗೆ ಒಗ್ಗುವುದಿಲ್ಲ ಅಂತ ಒಳಗೊಳಗೇ ಕುದಿಯುತ್ತಿದ್ದೆ. ನಾನು ಮಾಡಿದ್ದು ಅವರಿಗೆ ಇಷ್ಟವಾಗಿಲ್ಲ, ಬಾಯಿಬಿಟ್ಟು ಹೇಳುತ್ತಿಲ್ಲ, ಅಷ್ಟೇ ಅಂದುಕೊಂಡೆ. ಅದರಿಂದ ನನಗೆ ನೋವಾಗಿತ್ತು.

ಊಟದ ಹಿಂದಿನ ದಿನ ಅಪ್ಪ ಹೇಳಿದರು, "ನಾಳೆ ನೀವು ಮಾಡ್ಕೊಳ್ಳಿ. ನನಗೆ ಕೋಣೆಗೇ ಒಂದು ಲೋಟ ಸೂಪ್ ಕಳಿಸಿದ್ರೆ ಸಾಕು." ಅಪ್ಪ ಇಲ್ಲದೆ, ಘೋಷಣೆ ಇಲ್ಲದೆ ನಾವು ನಾಲ್ಕು ಜನ ಕೂತು ಉಂಡರೆ, ಮುಂದಿನ ವರ್ಷವೂ ಹಾಗೇ, ಅದರ ಮುಂದಿನ ವರ್ಷವೂ ಹಾಗೇ. ಒಮ್ಮೆ ಕೋಣೆಗೆ ಹೋದ ತಟ್ಟೆ ಮೇಜಿಗೆ ವಾಪಸು ಬರುವುದು ಕಷ್ಟ. ಅಪ್ಪನನ್ನು ಹೇಗಾದರೂ ಮೇಜಿಗೆ ಕೂರಿಸಬೇಕು ಅಂತ ನಾನು ಹಟ ತೊಟ್ಟೆ.

ಬೆಳಿಗ್ಗೆಯೇ ಅಣ್ಣನ ಮನೆಯವರು ಬಂದರು. ಅಡುಗೆಮನೆ ಸ್ವಲ್ಪ ಹೊತ್ತಿನಲ್ಲೇ ಶವಾಗಾರದಂತಾಯಿತು. ಚಿನಕುರುಳಿ ಮೈದಾ ಹಿಟ್ಟಿನಲ್ಲಿ ಬೆರಳು ಹೊಸೆದಳು, ತುದಿಗೆ ಬಾದಾಮಿಯ ಉಗುರು ಒತ್ತಿದಳು. ನಾನು ಚಾಕುವಿನ ಬೆನ್ನಿನಿಂದ ಗೆಣ್ಣುಗಳ ಗೆರೆ ಎಳೆದೆ. ಬೆಂದು ಬಂದಾಗ ನೋಡಿದವರಿಗೆ ತಮ್ಮ ಕೈ ಜೇಬಿಗೆ ಹಾಕಿಕೊಳ್ಳಬೇಕು ಅನ್ನಿಸುವಂತಿದ್ದವು. ಅಣ್ಣ ಬೇಯಿಸಿದ ಮೊಟ್ಟೆ ಸುಲಿದು ಕಣ್ಣು ಮಾಡಿದ. ಇಡೀ ಹೂಕೋಸು ಉಪ್ಪು, ಬೆಣ್ಣೆ, ಮೆಣಸು ಮೆತ್ತಿಸಿಕೊಂಡು ಒಲೆಯಲ್ಲಿ ಬೆಂದು ಮಿದುಳಾಗಿ ಹೊರಬಂತು. "ಇಡೀ ವರ್ಷ ನನ್ನ ತಲೆ ತಿಂದಿದೀಯ, ಇವತ್ತು ಇದನ್ನ ತಿನ್ನು," ಅಂತ ಅಣ್ಣ ಮಗಳಿಗೆ ಹೇಳಿದ.

ರಕ್ತ ಅತ್ತಿಗೆಯದು. ಬೀಟ್‌ರೂಟ್ ಬೇಯಿಸಿ, ಅರೆದು, ಬೆಳ್ಳುಳ್ಳಿ, ಉಪ್ಪು, ಸ್ವಲ್ಪ ಹಿಟ್ಟು ಹಾಕಿ ಗಟ್ಟಿಯಾಗುವ ತನಕ ಕುದಿಸಿ, ಕ್ರೀಮ್ ಹಾಕುವ ಕೋನಿನೊಳಗೆ ತುಂಬಿಸಿದರು. ಮೊಟ್ಟೆಯ ಮೇಲೆ ಅವರು ಎಳೆದ ನರಗಳು ಕೂದಲಿಗಿಂತ ಸಣ್ಣಗಿದ್ದವು. ಒಂದು ಹನಿ ಆಚೀಚೆ ಹರಿಯಲಿಲ್ಲ.

ಮೇಜಿನ ನಡುವಿಗೆ ದೊಡ್ಡ ದೆವ್ವ ಬೇಕಲ್ಲ, ಅದಕ್ಕೆ ಒಂದು ಗುಂಡು ಕುಂಬಳಕಾಯಿ. ಕಣ್ಣು ಕೊರೆದು, ಅಗಲವಾಗಿ ಬಾಯಿ ತೆಗೆದು, ಒಳಗೆ ಖಾರ ಹಾಕಿ ಹುರಿದ ಕಡಲೆ ತುಂಬುವುದು, ಬಾಯಿಂದ ಕಡಲೆ ಕಕ್ಕುತ್ತಿರುವ ಹಾಗೆ. "ಹಲ್ಲು ನನಗೆ ಬಿಡಿ," ಅಂದಿದ್ದೆ ನಾನು. ಮೂಲಂಗಿಯಲ್ಲಿ ಹದಿನಾರು ಹಲ್ಲು ಕೆತ್ತಿ, ಬಾಡದಿರಲೆಂದು ಬಟ್ಟಲಿನ ನೀರಿಗೆ ಹಾಕಿ ಸಿಂಕಿನ ಪಕ್ಕ ಇಟ್ಟೆ.

ಈಗ ನೋಡಿ, ಬೇರೆ ಯಾರ ಮನೆಯಲ್ಲೂ ಆಗದ ಎಡವಟ್ಟು. ಅದೇ ಸಿಂಕಿನ ಪಕ್ಕ ಇನ್ನೊಂದು ಬಟ್ಟಲಿತ್ತು. ಅದರಲ್ಲೂ ನೀರು, ಅದರಲ್ಲೂ ಹಲ್ಲು. ಅಪ್ಪ ಇವತ್ತಾದರೂ ಮನಸ್ಸು ಮಾಡಲಿ ಅಂತ ಬೆಳಿಗ್ಗೆ ನಾನೇ ಅವರ ಸೆಟ್ಟನ್ನು ತಂದು, ತಿಕ್ಕಿ ತೊಳೆದು, ಹೊಸ ನೀರಿನಲ್ಲಿ ಇಟ್ಟಿದ್ದೆ.

ಕಡಲೆ ಹುರಿದು ಮುಗಿಯಿತು. ನಾನು ಕೈ ಒರೆಸಿಕೊಳ್ಳುತ್ತ, "ಅತ್ತಿಗೆ, ಕುಂಬಳಕಾಯಿ ನೀವು ಮುಗಿಸ್ತೀರಾ? ಸಿಂಕ್ ಪಕ್ಕ ಬಟ್ಟಲಲ್ಲಿ ಹಲ್ಲಿದೆ," ಅಂದು ಅಪ್ಪನ ಕೋಣೆಗೆ ಹೋದೆ.

ಅಪ್ಪ ಕಿಟಕಿಯ ಹತ್ತಿರ ಕೂತಿದ್ದರು. ಶರ್ಟು ಮಾತ್ರ ಇಸ್ತ್ರಿ ಮಾಡಿದ್ದು. ಅದನ್ನು ನೋಡಿ ನನಗೆ ಆಸೆ ಹುಟ್ಟಿತು.

"ಅಪ್ಪ, ಬನ್ನಿ. ಒಳ್ಳೇ ದಿನಕ್ಕೆ ಅಂತ ಎತ್ತಿಟ್ಟಿದ್ರಲ್ಲ, ಇದೇ ಆ ದಿನ. ಸೆಟ್ ತೊಳೆದಿಟ್ಟಿದೀನಿ."

"ಬೇಡಮ್ಮ."

"ನಾನು ಮಾಡಿದ್ದು ಚೆನ್ನಾಗಿಲ್ಲ ಅಂತ ಹೇಳಿಬಿಡಿ. ಬೇರೆಯವರ ಹತ್ರ ಮಾಡಿಸ್ತೀನಿ."

"ಚೆನ್ನಾಗಿದೆ ಅಂದ್ನಲ್ಲ."

"ಹಾಗಾದ್ರೆ ಯಾಕೆ?"

ಅಪ್ಪ ಕಿಟಕಿಯ ಕಡೆ ತಿರುಗಿದರು. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಪ್ರತಿಧ್ವನಿ ಕೊಡುತ್ತಿತ್ತು. "ನಿಮ್ಮಿಷ್ಟ," ಅಂದು ನಾನು ಏಳುವಷ್ಟರಲ್ಲಿ ಚಿನಕುರುಳಿ ನುಗ್ಗಿದಳು. ಕೈಯೆಲ್ಲ ಬೀಟ್‌ರೂಟ್ ರಕ್ತ.

"ತಾತ, ದೆವ್ವದ ಗಾಡಿ ಬಂದು ನಿಂತಿದೆ. ಯಾರೂ ಹೇಳ್ತಿಲ್ಲ. ನಮ್ಮಪ್ಪ ಹೇಳಿದ್ರೆ ತರಕಾರಿ ಮಾರೋನ ತರ ಕೇಳ್ಸುತ್ತೆ. ಬಾ ತಾತ."

"ನೋಡಿ ಬರ್ತೀನಿ. ಕೂರೋದಿಲ್ಲ," ಅಂದರು ಅಪ್ಪ. ಅವಳು ಕೈ ಹಿಡಿದು ಎಳೆದುಕೊಂಡು ಹೊರಟಳು. ಅವರ ಇಸ್ತ್ರಿ ಶರ್ಟಿನ ತೋಳಿಗೆ ಐದು ಕೆಂಪು ಬೆರಳು ಮೂಡಿದವು. ನಾನು ಹಿಂದೆಯೇ ಹೋದೆ.

ಮೇಜು ನಿಜಕ್ಕೂ ಚೆನ್ನಾಗಿತ್ತು. ಬೆರಳುಗಳು ತಟ್ಟೆಯ ಅಂಚು ಹಿಡಿದು ಹತ್ತುತ್ತಿದ್ದವು, ಕಣ್ಣುಗಳು ಸೊಪ್ಪಿನ ನಡುವಿನಿಂದ ದಿಟ್ಟಿಸುತ್ತಿದ್ದವು. ನಡುವೆ ಕುಂಬಳಕಾಯಿ ಬಾಯಿ ಅಗಲಿಸಿ ನಗುತ್ತಿತ್ತು. ಅತ್ತಿಗೆ ಮೇಲಿನದನ್ನು ಮೇಲೆ, ಕೆಳಗಿನದನ್ನು ಕೆಳಗೆ, ಹಿಟ್ಟಿನ ಅಂಟು ಹಾಕಿ ನೀಟಾಗಿ ಕೂರಿಸಿದ್ದರು. ತಿಳಿಗುಲಾಬಿ ಒಸಡು, ಹೊಳೆಯುವ ಹಲ್ಲು, ಎದುರಿನ ಒಂದು ಮಾತ್ರ ಸ್ವಲ್ಪ ಓರೆ. ಹಲ್ಲುಗಳ ನಡುವೆ ಕಡಲೆ.

"ಅತ್ತಿಗೆ, ಯಾವ ಬಟ್ಟಲಿಂದ ತಗೊಂಡ್ರಿ?"

"ಸಿಂಕ್ ಪಕ್ಕದ್ದೇ. ಎಷ್ಟು ಚೆನ್ನಾಗಿ ಮಾಡಿದೀಯ ಅಂತ ಇವರಿಗೂ ತೋರಿಸ್ತಿದ್ದೆ. ಲ್ಯಾಬಲ್ಲಿ ಮಾಡಿ ತಂದ್ಯಾ?" ಅಷ್ಟರಲ್ಲಿ ನನ್ನ ಮುಖ ನೋಡಿದರು, ಆಮೇಲೆ ಅಪ್ಪನ ಮುಖ ನೋಡಿದರು. ಅತ್ತಿಗೆಯದು ತಪ್ಪು ಅನ್ನುವಂತಿಲ್ಲ. ಚಿನಕುರುಳಿಯ ಶಾಲೆಯ ನಾಟಕಕ್ಕೆ ನಾನು ಹಿಂದೊಮ್ಮೆ ಲ್ಯಾಬಿನಿಂದ ಹಲ್ಲು ತಂದುಕೊಟ್ಟದ್ದುಂಟು. ಅಪ್ಪನ ಸೆಟ್ಟು ಹೇಗಿದೆ ಅಂತ ಅವರು ಕಂಡೇ ಇರಲಿಲ್ಲ, ಅಪ್ಪ ಯಾರಿಗೆ ತೋರಿಸಿದ್ದರು? ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅತ್ತಿಗೆಯ ಕೈ ಹೆಗಲ ಮೇಲಿನ ಟವೆಲ್ಲಿಗೆ ಹೋಯಿತು. ಅಣ್ಣ ಹೂಕೋಸು ನೋಡುತ್ತ ನಿಂತ.

ಇನ್ನು ಅಪ್ಪ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ, ಮುಂದೆಂದೂ ಈ ಮೇಜಿಗೆ ಬರುವುದಿಲ್ಲ ಅಂದುಕೊಂಡೆ.

ಅಪ್ಪ ಮುಂದೆ ಬಂದು, ಬಗ್ಗಿ, ಕುಂಬಳಕಾಯಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ತುಂಬಾ ಹೊತ್ತು ನೋಡಿದರು. ಆಮೇಲೆ ಸೋರುವ ಅಕ್ಷರಗಳಲ್ಲೇ ಹೇಳಿದರು, "ನನಗಿಂತ ಮೊದಲು ನನ್ನ ಹಲ್ಲು ಪಂಕ್ತಿಗೆ ಬಂದು ಕೂತಿದೆ."

ಅಪ್ಪನ ಭುಜ ಅಲುಗಿತು. ಅಳುತ್ತಿದ್ದಾರೆ ಅಂತ ನನಗೆ ಭಯವಾಯಿತು. ಅವರು ನಗುತ್ತಿದ್ದರು, ಬೊಚ್ಚು ಬಾಯಿ ಪೂರ್ತಿ ತೆರೆದು, ಕೈ ಅಡ್ಡ ಹಿಡಿಯದೆ. ಆರು ತಿಂಗಳಲ್ಲಿ ನಾನು ಆ ಬಾಯಿ ನೋಡಿದ್ದು ಆವತ್ತೇ. "ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅಂತಾರೆ. ಈ ಬಡ್ಡಿಮಗನಿಗೆ ಎರಡೂ ಸಿಕ್ಕಿದೆ ನೋಡು," ಅಂದರು. ಅಣ್ಣನಿಗೆ ತಡೆಯಲಾಗಲಿಲ್ಲ. ಅತ್ತಿಗೆ ನಗಬೇಕೋ ಬೇಡವೋ ತಿಳಿಯದೆ ಟವೆಲ್ಲು ಬಾಯಿಗೆ ಒತ್ತಿಕೊಂಡರು.

ಚಿನಕುರುಳಿಗೆ ಮಾತ್ರ ನಗು ಬರಲಿಲ್ಲ. ಅವಳು ಓರೆ ಹಲ್ಲನ್ನೇ ನೋಡುತ್ತಿದ್ದಳು. "ತಾತ, ಇದನ್ನ ಹಾಕ್ಕೊಂಡೇ ಅಲ್ವಾ ನೀನು ಬಾಗಿಲು ಹಾಕಿ ಗಾಡಿ ಹೇಳೋದು?"

ಶಾಲೆ ಬಿಟ್ಟ ಮೇಲೆ ನಾನು ಬರುವ ತನಕ ಅವಳಿರುವುದು ನಮ್ಮ ಮನೆಯಲ್ಲೇ. "ಯಾವಾಗ?" ಅಂದೆ.

"ದಿನಾ. ಒಳಗಿಂದ ಸರಿಯಾಗಿ ಕೇಳ್ಸುತ್ತೆ, ನಿಲ್ದಾಣದಲ್ಲಿ ಕೇಳ್ಸೋ ಹಾಗೆ. ಎರಡು ಗಾಡಿ ಹೇಳ್ತಾರೆ, ಆಮೇಲೆ 'ಹಾ' ಅಂತಾರೆ. ಮೂರನೇ ಗಾಡಿ ಬರೋದೇ ಇಲ್ಲ."

ನಗು ನಿಂತಿತು. ನಾನು ಅಪ್ಪನ ಮೊಣಕೈ ಹಿಡಿದು ಅಡುಗೆಮನೆಯ ಕಿಟಕಿಯ ಬೆಳಕಿಗೆ ಕರೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿದೆ. "ಬಾಯಿ ತೆಗೀರಿ," ಅಂದೆ. ಅವರು ತಲೆ ಅಲ್ಲಾಡಿಸಿದರು. "ಅಪ್ಪ, ತೆಗೀರಿ." ತೆಗೆದರು.

ಕೆಳ ಒಸಡಿನ ಎಡಗಡೆ, ಹಿಂದೆ, ಬೇಳೆಕಾಳಿನಷ್ಟು ಜಾಗ ಕೆಂಪಗೆ ಬಾತಿತ್ತು. ಹಲ್ಲು ತೆಗೆದ ಮೇಲೆ ಒಸಡು ತಿಂಗಳುಗಟ್ಟಲೆ ಇಳಿಯುತ್ತಲೇ ಇರುತ್ತದೆ, ಸೆಟ್ಟು ಇದ್ದಂತೆಯೇ ಇರುತ್ತದೆ. ಕೊನೆಗೊಂದು ದಿನ ಎಲ್ಲೋ ಒಂದು ಕಡೆ ಒತ್ತುತ್ತದೆ. ನಮ್ಮಲ್ಲಿಗೆ ಇಂಥವು ದಿನಾ ಬರುತ್ತವೆ. ಒಂದು ಚಿಟಿಕೆ ಉಜ್ಜಿದರೆ ಮುಗಿಯಿತು.

"ಇದು ಚುಚ್ಚುತ್ತೆ ಅಂತ ಯಾಕೆ ಹೇಳ್ಲಿಲ್ಲ? ನಾನು ಎಷ್ಟು ಸಲ ಕೇಳಿದೆ!"

"ನಿನ್ನ ಭಾನುವಾರ ಎಲ್ಲಾ ಅದಕ್ಕೇ ಹೋಯ್ತು. ಓರೆ ಹಲ್ಲನ್ನೂ ಮರೀದೆ ಹಾಕಿದ್ದೆ. ಅಂಥಾದ್ದನ್ನ ಚುಚ್ಚುತ್ತೆ ಅಂತ ಯಾವ ಬಾಯಲ್ಲಿ ಹೇಳ್ಲಿ? ಅಭ್ಯಾಸ ಮಾಡ್ಕೊಂಡ್ರೆ ಒಗ್ಗುತ್ತೆ ಅಂದ್ಕೊಂಡೆ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡೂ ಒಟ್ಟಿಗೇ ಬಂದಾಗ ನಾನು ಯಾವಾಗಲೂ ಬೈಯುತ್ತೇನೆ. "ಚೆನ್ನಾಗಿದೆ ಚೆನ್ನಾಗಿದೆ ಅಂದು ನನ್ನ ಹೊಟ್ಟೆ ಉರಿಸಿದ್ರಿ. ನಿಮಗೆ ಇಷ್ಟ ಆಗಿಲ್ಲ ಅಂತ ನಾನು ಇಷ್ಟು ದಿನ ಒಳಗೇ ಬೇಯ್ತಾ ಇದ್ದೆ, ಗೊತ್ತಾ?" ಅಂದೆ. ಕಣ್ಣೀರು ಹರಿಯಿತು, ಒರೆಸಿಕೊಳ್ಳಲೂ ಹೋಗಲಿಲ್ಲ. ಅಪ್ಪ ನನ್ನ ಕೈ ಹಿಡಿದುಕೊಂಡರು.

ಅಳುತ್ತ ಕೂತರೆ ಊಟ ಆರುತ್ತದೆ. ಅಣ್ಣ ಸೆಟ್ಟನ್ನು ಕುಂಬಳಕಾಯಿಯಿಂದ ಬಿಡಿಸಿ ಚೆನ್ನಾಗಿ ತೊಳೆದು ತಂದ. ಉಜ್ಜುವ ಸಣ್ಣ ಮೋಟಾರು ನನ್ನ ಕೆಲಸದ ಚೀಲದಲ್ಲಿತ್ತು. ಗುರುತು ಮಾಡುವ ಬಣ್ಣ ಮಾತ್ರ ಲ್ಯಾಬಿನಲ್ಲಿ. ಒತ್ತುವ ಜಾಗ ಸೆಟ್ಟಿನ ಒಳಮೈಯಲ್ಲಿ ಎಲ್ಲಿದೆ ಅಂತ ಸರಿಯಾಗಿ ತಿಳಿಯದೆ ಉಜ್ಜಿದರೆ ಇರುವುದೂ ಸಡಿಲವಾಗುತ್ತದೆ. ಸುತ್ತ ನೋಡಿದೆ. ಅತ್ತಿಗೆಯ ಕೋನು ಕಂಡಿತು.

"ಅತ್ತಿಗೆ, ನಿಮ್ಮ ರಕ್ತ ಒಂದು ಹನಿ ಬೇಕು."

ಅತ್ತಿಗೆ ಕೋನು ಹಿಡಿದು ಬಂದರು. ನಾನು ಅಪ್ಪನ ಒಸಡನ್ನೂ ಸೆಟ್ಟನ್ನೂ ಬಟ್ಟೆಯಿಂದ ಒತ್ತಿ ಒಣಗಿಸಿದೆ. ಅವರು ಬಗ್ಗಿ, ಕೇಕಿನ ಮೇಲೆ ಚುಕ್ಕಿ ಇಡುವಷ್ಟೇ ಹಗುರಾಗಿ, ಕೆಂಪು ಜಾಗದ ಮೇಲೆ ಒಂದು ಚುಕ್ಕಿ ಇಟ್ಟರು. "ಉಪ್ಪು ಉರಿಯುತ್ತಾ ಮಾವ?" ಅಂದರು ಪಿಸುದನಿಯಲ್ಲಿ. ಅಪ್ಪ ತೆರೆದ ಬಾಯಲ್ಲೇ 'ಇಲ್ಲ' ಅಂತ ಸನ್ನೆ ಮಾಡಿದರು. ಅದೂ ಸುಳ್ಳೇ, ನನಗೆ ಗೊತ್ತು. ಸೆಟ್ಟು ಹಾಕಿ, ಕಚ್ಚಿಸಿ, ತೆಗೆದೆ. ಒಳಮೈಯಲ್ಲಿ ಬೀಟ್‌ರೂಟಿನ ಗುರುತು ಸ್ಪಷ್ಟವಾಗಿ ಬಿದ್ದಿತ್ತು. ಆ ಜಾಗವನ್ನಷ್ಟೇ ಉಜ್ಜಿದೆ, ಮತ್ತೆ ಹಾಕಿಸಿದೆ, ಮತ್ತೆ ಸ್ವಲ್ಪ ಉಜ್ಜಿದೆ.

"ಈಗ? ಚೆನ್ನಾಗಿದೆ ಅಂದ್ರೆ ನಂಬೋದಿಲ್ಲ. ನಿಜ ಹೇಳಿ."

ಅಪ್ಪ ದವಡೆ ಆಡಿಸಿ ನೋಡಿದರು. "ಸ್ವಲ್ಪ ಇದೆ. ಮುಂಚಿನ ಹಾಗಿಲ್ಲ."

ಹುಣ್ಣು ಮಾಯುವ ತನಕ ಸ್ವಲ್ಪ ಇದ್ದೇ ಇರುತ್ತದೆ. ಇದ್ದುದನ್ನು ಇದೆ ಅಂದರಲ್ಲ, ನನಗೆ ಅಷ್ಟು ಸಾಕಾಗಿತ್ತು. ಕುಂಬಳಕಾಯಿಗೆ ಮೂಲಂಗಿಯ ಹಲ್ಲು ಬಂತು, ಅದಕ್ಕೆ ಅದೇ ಸರಿ. ಎಲ್ಲರೂ ಕೂತರು. ಅಪ್ಪ ಮೇಜಿನ ತುದಿಯಲ್ಲಿ ತಮ್ಮ ಹಳೆಯ ಜಾಗದಲ್ಲಿ ಕೂತು, ಬಿಸಿನೀರು ಒಂದು ಗುಟುಕು ಕುಡಿದು, ಬೆನ್ನು ನೆಟ್ಟಗೆ ಮಾಡಿದರು.

"ಪ್ರಯಾಣಿಕರ ಗಮನಕ್ಕೆ," ಅಂದರು.

ಒಂದು ಅಕ್ಷರವೂ ಸೋರಲಿಲ್ಲ. ಚಿನಕುರುಳಿ ಕೂಡ ಸುಮ್ಮನಾದಳು.

"ದೆವ್ವದ ಗಾಡಿ ಮೇಜಿಗೆ ಬಂದು ನಿಂತಿದೆ. ಬೆರಳು, ಕಣ್ಣು, ಮಿದುಳು ಈ ಎಲ್ಲಾ ಕಡೆ ನಿಲ್ಲುತ್ತದೆ. ಇದೇ ಗಾಡಿಯಲ್ಲಿ ಬರಬೇಕಿದ್ದ ಹಲ್ಲಿನ ಸೆಟ್ಟು ತಿಂಗಳುಗಟ್ಟಲೆ ತಡವಾಗಿ ಬಂದಿದೆ." ಅಪ್ಪ ನನ್ನ ಕಡೆ ನೋಡಿದರು. "ತಡವಾಗಿದ್ದು ತಾಂತ್ರಿಕ ಕಾರಣಗಳಿಂದಲ್ಲ. ಸಂಪೂರ್ಣವಾಗಿ ಘೋಷಣೆ ಮಾಡುವವನ ತಪ್ಪಿನಿಂದ. ಇದರಿಂದ ಮಗಳಿಗೆ ಆದ ತೊಂದರೆಗೆ ವಿಷಾದಿಸುತ್ತೇವೆ."

ಹುಟ್ಟಿದಾಗಿನಿಂದ ಅಪ್ಪನ ಘೋಷಣೆ ಕೇಳಿದ್ದೇನೆ. ತಾಂತ್ರಿಕ ಕಾರಣ ಬಿಟ್ಟು ಬೇರೆ ಕಾರಣ ಅವರ ಬಾಯಿಂದ ಬಂದದ್ದು ಇದೇ ಮೊದಲು. ನಾನು ತಟ್ಟೆ ನೋಡುತ್ತ ಕೂತೆ. ಅಣ್ಣ ಬೆರಳಿನ ಪಾತ್ರೆ ನನ್ನ ಕಡೆ ದೂಡಿದ.

"ಆ ಕಡಲೆ ಈ ಕಡೆ ಕೊಡಿ," ಅಂದರು ಅಪ್ಪ. ನಾನು ಮೆತ್ತಗಿನದು ನಾಲ್ಕು ಆರಿಸಿ ಅವರ ತಟ್ಟೆಗೆ ಹಾಕಿದೆ. "ಬಲಗಡೆಯಿಂದ ಅಗೀರಿ. ನೋವಾದ್ರೆ ಹೇಳ್ಬೇಕು," ಅಂದೆ.

"ಹೇಳ್ತೀನಿ," ಅಂದರು.

ಮೂರನೆಯ ಕಡಲೆಗೆ ಹೇಳಿದರು.